ಕಸುವು ಮರಳುವ ಹೊತ್ತು

ನಡುಗಡಲಿನ ತುಂಡು ನಿದ್ದೆ, ಗರಡಿಯ ಮಧ್ಯಾಹ್ನದ ವಿಶ್ರಾಂತಿ, ರಾತ್ರಿಪಾಳಿಯ ಬೆಂಗಳೂರು: ದಣಿದ ದೇಹ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳುವ ವಿಸ್ಮಯದ ಸಮಗ್ರ ನೋಟ

2005ರ ಫೆಬ್ರುವರಿ 7ರ ರಾತ್ರಿ, ಫ್ರಾನ್ಸಿನ ಪಶ್ಚಿಮ ತುದಿಯ ಉಶಾಂ ದ್ವೀಪದ ಸಮೀಪ ಮೂರು ಒಡಲಿನ ಹಾಯಿದೋಣಿಯೊಂದು ಗುರಿರೇಖೆಯನ್ನು ದಾಟಿತು. ಅದರಲ್ಲಿ ಇದ್ದದ್ದು ಒಂದೇ ಜೀವ: 28 ವರ್ಷದ ಬ್ರಿಟಿಷ್ ತರುಣಿ ಎಲೆನ್ ಮ್ಯಾಕ್‌ಆರ್ಥರ್. ಎಲ್ಲಿಯೂ ತಂಗದೆ, ಯಾರ ನೆರವನ್ನೂ ಪಡೆಯದೆ, 71 ದಿನ, 14 ಗಂಟೆ, 18 ನಿಮಿಷ, 33 ಸೆಕೆಂಡುಗಳಲ್ಲಿ ಆಕೆ ಭೂಮಂಡಲವನ್ನು ಸುತ್ತಿ ಬಂದಿದ್ದರು. 27,000 ನಾಟಿಕಲ್ ಮೈಲಿಗೂ ಮೀರಿದ ಆ ಯಾನ ಅಂದಿನ ವಿಶ್ವದಾಖಲೆ. ಭಾರವಾದ ಹಾಯಿಗಳನ್ನು ಎಳೆಯುವುದು, ಇಳಿಸುವುದು, ತೂಗಾಡುವ ದೋಣಿಯಲ್ಲಿ ಹಾಯಿಕಂಬ ಏರಿ ದುರಸ್ತಿ ಮಾಡುವುದು, ಇವೆಲ್ಲ ಹಗಲು ಇರುಳೆನ್ನದೆ ಬರುವ ಕೆಲಸಗಳು. ಯಾವ ವ್ಯಾಯಾಮಶಾಲೆಯೂ ಕೊಡಲಾರದಂಥ ದಂಡನೆ ಅದು. ಇಷ್ಟನ್ನೂ ಸಹಿಸಿದ ಆ ದೇಹಕ್ಕೆ ಒಂದೇ ಒಂದು ಇಡೀ ರಾತ್ರಿಯ ನಿದ್ದೆಯೂ ದಕ್ಕಿರಲಿಲ್ಲ.

ಒಂಟಿ ನಾವಿಕರ ನಿದ್ದೆ ಎಂದರೆ ತುಂಡುತುಂಡಾದ ನಿದ್ದೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ, ಗಾಳಿ ಶಾಂತವಾಗಿದ್ದರೆ ಒಂದು ಗಂಟೆ. ಚುಕ್ಕಾಣಿಯನ್ನು ಸ್ವಯಂಚಾಲಿತ ಯಂತ್ರಕ್ಕೆ ಒಪ್ಪಿಸಿ, ಒದ್ದೆ ಉಡುಪಿನಲ್ಲೇ ಕಣ್ಣು ಮುಚ್ಚಿ, ಎಚ್ಚರಿಕೆಯ ಗಂಟೆ ಮೊಳಗುತ್ತಲೇ ಎದ್ದು ಗಾಳಿ, ದಿಕ್ಕು, ಅಲೆಗಳನ್ನು ಪರಿಶೀಲಿಸಿ ಮತ್ತೆ ಒರಗುವುದು. ಈ ವಿಚಿತ್ರ ವೇಳಾಪಟ್ಟಿಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಇಟಲಿ ಮೂಲದ ನಿದ್ರಾವಿಜ್ಞಾನಿ ಕ್ಲಾಡಿಯೊ ಸ್ಟಾಂಪಿ. ಸ್ಪರ್ಧೆಗಳಲ್ಲಿ ಪಾಲ್ಗೊಂಡ ನಾವಿಕರನ್ನು ವರ್ಷಗಳ ಕಾಲ ಗಮನಿಸಿದ ಅವರು, ನಿದ್ದೆಯನ್ನು ಸಣ್ಣ ಕಂತುಗಳಲ್ಲಿ ಪಡೆದವರು ಉತ್ತಮ ಫಲಿತಾಂಶ ಗಳಿಸಿದ್ದನ್ನು ಕಂಡರು. ಕಂತುಗಳು ಎಷ್ಟೇ ಚಿಕ್ಕವಾಗಿದ್ದರೂ ಯಶಸ್ವಿ ನಾವಿಕರ ದಿನದ ಒಟ್ಟು ನಿದ್ದೆ ನಾಲ್ಕೂವರೆಯಿಂದ ಐದೂವರೆ ಗಂಟೆಯ ಆಸುಪಾಸಿನಲ್ಲಿ ಉಳಿದಿತ್ತು ಎಂಬುದೂ ಅವರ ಗಮನಕ್ಕೆ ಬಂತು.

ಇಲ್ಲಿಂದಲೇ ಒಂದು ಮಹತ್ವದ ಪ್ರಶ್ನೆ ಹುಟ್ಟುತ್ತದೆ. ದೇಹವನ್ನು ದಂಡಿಸುವವರು, ಅವರು ಓಟಗಾರರಿರಲಿ, ಪೈಲ್ವಾನರಿರಲಿ, ಕಚೇರಿ ಮುಗಿಸಿ ಜಿಮ್‌ಗೆ ಹೋಗುವ ಗೃಹಸ್ಥರಿರಲಿ, ವಾಡಿಕೆಯ ಇರುಳು ನಿದ್ದೆಯನ್ನು ಬಿಟ್ಟು ಬೇರೆ ಹೊತ್ತಿನಲ್ಲಿ, ಬೇರೆ ಬಗೆಯಲ್ಲಿ ಮಲಗಿದರೆ ಅವರ ಸ್ನಾಯುಗಳಿಗೆ ಕಸುವು ಮರಳುತ್ತದೆಯೇ? ಸುಮಾರು ಒಂದು ಶತಮಾನದ ಸಂಶೋಧನೆ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ಸ್ಪಷ್ಟವಾಗಿದೆ, ಭವ್ಯವೂ ಆಗಿದೆ. ನಿದ್ದೆಯನ್ನು ಹಂಚಿಕೊಳ್ಳಲು ದೇಹ ಒಪ್ಪುತ್ತದೆ. ಕಡಿತಗೊಳಿಸಲು ಮಾತ್ರ ಒಪ್ಪುವುದಿಲ್ಲ.

ಕಾಲವನ್ನು ಅರಸಿ ಗುಹೆಗಿಳಿದವರು

ಈ ಅರಿವಿನ ಇತಿಹಾಸ ಒಂದು ಪುಟ್ಟ ಗಿಡದಿಂದ ಆರಂಭವಾಗುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ ಜಾಕ್ ದಾರ್ತು ದ ಮೆರಾಂ ಅವರು ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ಗಮನಿಸಿದರು. ಸೂರ್ಯನ ಕಿರಣ ಸೋಕದಿದ್ದರೂ ಗಿಡ ಹಗಲು ಹೊತ್ತಿನಲ್ಲಿ ಎಲೆ ಬಿಚ್ಚಿತು, ಇರುಳು ಹೊತ್ತಿನಲ್ಲಿ ಮಡಚಿತು. ಜೀವಿಯ ಒಳಗೇ ಒಂದು ಗಡಿಯಾರವಿದೆ ಎಂಬುದರ ಮೊದಲ ಸುಳಿವು ಅದು. ಆ ಗಡಿಯಾರದ ಅಣುಮಟ್ಟದ ರಚನೆಯನ್ನು ಬಿಡಿಸಿದ್ದಕ್ಕಾಗಿ ಜೆಫ್ರಿ ಹಾಲ್, ಮೈಕಲ್ ರಾಸ್‌ಬ್ಯಾಶ್ ಮತ್ತು ಮೈಕಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಮೆದುಳಿನಲ್ಲಿ ಮಾತ್ರವಲ್ಲ, ಯಕೃತ್ತಿನಲ್ಲಿ, ಹೃದಯದಲ್ಲಿ, ತೊಡೆಯ ಸ್ನಾಯುವಿನ ಒಂದೊಂದು ಕೋಶದಲ್ಲಿ ಕೂಡ ಅಂಥ ಗಡಿಯಾರ ನಡೆಯುತ್ತಿದೆ ಎಂಬುದು ಇಂದು ಸ್ಥಾಪಿತ ಸತ್ಯ.

ಮನುಷ್ಯ ಈ ಗಡಿಯಾರವನ್ನು ತಿದ್ದಬಲ್ಲನೇ? 1938ರ ಬೇಸಿಗೆಯಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ನೇಥನಿಯಲ್ ಕ್ಲೈಟ್‌ಮನ್ ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. ಶಿಷ್ಯ ಬ್ರೂಸ್ ರಿಚರ್ಡ್‌ಸನ್ ಜೊತೆಗೂಡಿ ಅವರು ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗೆ ಇಳಿದರು. ಬೆಳಕಿಲ್ಲದ, ಸದ್ದಿಲ್ಲದ, ವರ್ಷವಿಡೀ ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿರುವ ಆ ಪಾತಾಳದಲ್ಲಿ 32 ದಿನ ಕಳೆದರು. ದಿನಕ್ಕೆ 24 ಗಂಟೆಯ ಬದಲು 28 ಗಂಟೆ ಎಂದು ನಿಗದಿಪಡಿಸಿಕೊಂಡು, ವಾರಕ್ಕೆ ಆರೇ ದಿನಗಳಂತೆ ಬದುಕುವ ಪ್ರಯೋಗ ಅದು. ಇಪ್ಪತ್ತರ ಹರೆಯದ ರಿಚರ್ಡ್‌ಸನ್ ವಾರದೊಳಗೇ ಹೊಸ ಲಯಕ್ಕೆ ಒಗ್ಗಿಕೊಂಡರು. 43ರ ಕ್ಲೈಟ್‌ಮನ್‌ಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಅವರ ದೇಹದ ತಾಪಮಾನ ಹಳೆಯ 24 ಗಂಟೆಯ ಲಯದಲ್ಲೇ ಏರಿಳಿಯುತ್ತಿತ್ತು. ಒಂದೇ ವೇಳಾಪಟ್ಟಿ ಎಲ್ಲ ದೇಹಗಳಿಗೂ ಒಪ್ಪುವುದಿಲ್ಲ ಎಂಬ ಪಾಠವನ್ನು ಆ ಗುಹೆ ಜಗತ್ತಿಗೆ ಕಲಿಸಿತು. ಇದೇ ಕ್ಲೈಟ್‌ಮನ್ ಅವರ ಪ್ರಯೋಗಾಲಯದಲ್ಲಿ 1953ರಲ್ಲಿ ಯೂಜೀನ್ ಅಸೆರಿನ್‌ಸ್ಕಿ ಅವರು ಕಣ್ಣುಗುಡ್ಡೆಗಳು ಚಲಿಸುವ ಕನಸಿನ ನಿದ್ದೆಯನ್ನು ಜಗತ್ತಿಗೆ ಪರಿಚಯಿಸಿದರು. ಆಧುನಿಕ ನಿದ್ರಾವಿಜ್ಞಾನ ಅಲ್ಲಿಂದ ಮುಂದಕ್ಕೆ ದಾಪುಗಾಲು ಹಾಕಿತು.

ಇರುಳು ಒಂದೇ ಪಟ್ಟಿನಲ್ಲಿ ಮಲಗುವುದೇ ಸನಾತನ ಕ್ರಮ ಎಂಬ ನಂಬಿಕೆಯೂ ಆ ಬಳಿಕ ಅಲುಗಾಡಿತು. ಕೈಗಾರಿಕಾ ಯುಗಕ್ಕೆ ಮುಂಚಿನ ಯೂರೋಪಿನಲ್ಲಿ ಜನ ಮೊದಲ ನಿದ್ದೆ, ಎರಡನೆಯ ನಿದ್ದೆ ಎಂದು ರಾತ್ರಿಯನ್ನು ಎರಡು ಭಾಗ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಇತಿಹಾಸಕಾರ ರೋಜರ್ ಎಕರ್ಚ್ ಹಳೆಯ ದಿನಚರಿಗಳು, ನ್ಯಾಯಾಲಯದ ಕಡತಗಳು ಮತ್ತು ಸಾಹಿತ್ಯದಿಂದ ಹೆಕ್ಕಿ ತೋರಿಸಿದರು. 1990ರ ದಶಕದ ಆರಂಭದಲ್ಲಿ ಅಮೆರಿಕದ ಮನೋವೈದ್ಯ ಥಾಮಸ್ ವೆರ್ ಆರೋಗ್ಯವಂತ ಸ್ವಯಂಸೇವಕರನ್ನು ವಾರಗಳ ಕಾಲ ಪ್ರತಿದಿನ 14 ಗಂಟೆ ಕತ್ತಲೆಯಲ್ಲಿ ಇರಿಸಿದಾಗ, ಅವರ ನಿದ್ದೆ ತಾನಾಗಿಯೇ ಎರಡು ಹೋಳಾಯಿತು. ನಡುವೆ ಒಂದಷ್ಟು ಹೊತ್ತು ಪ್ರಶಾಂತ ಎಚ್ಚರ. ನಿದ್ದೆ ಒಡೆಯುವುದೇ ರೋಗವಲ್ಲ ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ.

ಹಂಚುವಿಕೆಯಿಂದ ಕಡಿತಕ್ಕೆ ಜಿಗಿದ ಸಾಹಸಿಗಳೂ ಇದ್ದರು. ಗುಮ್ಮಟ ವಾಸ್ತುವಿನಿಂದ ಜಗದ್ವಿಖ್ಯಾತರಾದ ಬಕ್‌ಮಿನ್‌ಸ್ಟರ್ ಫುಲ್ಲರ್ ಪ್ರತಿ ಆರು ಗಂಟೆಗೊಮ್ಮೆ ಅರ್ಧ ಗಂಟೆ, ಅಂದರೆ ದಿನಕ್ಕೆ ಎರಡೇ ಗಂಟೆ ಮಲಗುವ ಕ್ರಮವನ್ನು ಅನುಸರಿಸಿದ್ದಾಗಿ 1943ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತು. ಸಹೋದ್ಯೋಗಿಗಳು ಎಲ್ಲರಂತೆ ರಾತ್ರಿ ಮಲಗುತ್ತಿದ್ದುದರಿಂದ ಆ ಕ್ರಮವನ್ನು ಅವರು ಕೈಬಿಡಬೇಕಾಯಿತು. ಇಂದಿಗೂ ಅದೇ ಮಾದರಿಯ ವೇಳಾಪಟ್ಟಿಗಳು ತರುಣರನ್ನು ಸೆಳೆಯುತ್ತಿವೆ. ಮಿಗಿಸಿದ ಗಂಟೆಗಳಲ್ಲಿ ಓದು, ಕೆಲಸ, ವ್ಯಾಯಾಮ ಎಲ್ಲವನ್ನೂ ಮುಗಿಸಬಹುದೆಂಬ ಆಸೆ ಅದರ ಹಿಂದಿದೆ. ಆ ಆಸೆ ಎಷ್ಟು ಗಟ್ಟಿ ಎಂದು ತಿಳಿಯಲು ಮಲಗಿದ ದೇಹದೊಳಗೆ ಇಣುಕಬೇಕು.

ಇರುಳಿನ ಕಾಮಗಾರಿ

ವ್ಯಾಯಾಮ ಸ್ನಾಯುವನ್ನು ಬೆಳೆಸುತ್ತದೆ ಎನ್ನುವುದು ವಾಡಿಕೆಯ ಮಾತು. ವಸ್ತುಸ್ಥಿತಿಯಲ್ಲಿ ವ್ಯಾಯಾಮ ಬೆಳವಣಿಗೆಗೆ ಆದೇಶವನ್ನಷ್ಟೇ ಕೊಡುತ್ತದೆ. ಭಾರ ಎತ್ತುವಾಗ ಸ್ನಾಯುತಂತುಗಳು ಸೂಕ್ಷ್ಮವಾಗಿ ಘಾಸಿಗೊಳ್ಳುತ್ತವೆ, ದೀರ್ಘ ಓಟದಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಖರ್ಚಾಗುತ್ತದೆ, ನರವ್ಯೂಹ ದಣಿಯುತ್ತದೆ. ಅನ್ನಾಹಾರದಿಂದ ಬಂದ ಪ್ರೋಟೀನನ್ನು ಬಳಸಿಕೊಂಡು ಘಾಸಿಯಾದ ತಂತುಗಳನ್ನು ಮೊದಲಿಗಿಂತ ದೃಢವಾಗಿ ಹೆಣೆಯುವ ಕೆಲಸ ಆಮೇಲಿನದು. ಆ ಕೆಲಸದ ಬಹುಮುಖ್ಯ ಪಾಳಿ ಇರುಳಿನದು.

ನಿದ್ದೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ದೆ ಹೆಚ್ಚು, ಬೆಳಗಿನ ಜಾವಕ್ಕೆ ಕನಸಿನ ನಿದ್ದೆ ಹೆಚ್ಚು. ಗಾಢನಿದ್ದೆ ಆವರಿಸಿದೊಡನೆ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ದಿನದಲ್ಲೇ ಅತಿ ದೊಡ್ಡ ಪ್ರಮಾಣದಲ್ಲಿ ಸ್ರವಿಸುತ್ತದೆ ಎಂಬುದನ್ನು 1960ರ ದಶಕದ ಕೊನೆಯಲ್ಲೇ ವಿಜ್ಞಾನಿಗಳು ದಾಖಲಿಸಿದರು. ಅದೇ ಹೊತ್ತಿಗೆ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ತೀರ ಕೆಳಮಟ್ಟದಲ್ಲಿರುತ್ತದೆ. ಕಟ್ಟುವ ಶಕ್ತಿ ಮೇಲೇರಿ, ಕೆಡವುವ ಶಕ್ತಿ ಕೆಳಗಿಳಿದ ಅಪೂರ್ವ ಮುಹೂರ್ತವದು. ರಾತ್ರಿಯ ಉತ್ತರಾರ್ಧ ಕೂಡ ವ್ಯರ್ಥವಲ್ಲ. ಹಗಲು ಕಲಿತ ಕೈಚಳಕ, ಹೆಜ್ಜೆಯ ಲಯ, ಬ್ಯಾಟಿನ ತಿರುವು ಇವೆಲ್ಲ ಮೆದುಳಿನಲ್ಲಿ ನೆಲೆಗೊಳ್ಳುವುದಕ್ಕೆ ಬೆಳಗಿನ ಜಾವದ ನಿದ್ದೆ ನೆರವಾಗುತ್ತದೆ. ನಾಲ್ಕು ಗಂಟೆಗೆ ಎದ್ದು ನೆಟ್ಸ್‌ಗೆ ಓಡುವ ಬಾಲಕ ತಡರಾತ್ರಿಯವರೆಗೂ ಎಚ್ಚರವಿದ್ದಿದ್ದರೆ, ಕಲಿಕೆಯ ಈ ಭಾಗವನ್ನೇ ಬಿಟ್ಟು ಹೋಗುತ್ತಾನೆ.

ಕಡಿತದ ಬೆಲೆ

ಕಡಿತದ ಪರಿಣಾಮವನ್ನು ಸ್ನಾಯುವಿನೊಳಗೇ ನೋಡಿದ ಪ್ರಯೋಗಗಳು ಈಚಿನವು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಸಂಶೋಧಕರು 13 ಮಂದಿ ಆರೋಗ್ಯವಂತ ತರುಣ ತರುಣಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಿರಿಸಿ, ಮರುದಿನ ಅವರ ತೊಡೆಯಿಂದ ಸೂಜಿಯ ಮೂಲಕ ಸ್ನಾಯುವಿನ ಸಣ್ಣ ಚೂರುಗಳನ್ನು ತೆಗೆದು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಒಂದೇ ಒಂದು ರಾತ್ರಿಯ ನಿದ್ದೆ ತಪ್ಪಿದ್ದಕ್ಕೆ ಸ್ನಾಯುವಿನಲ್ಲಿ ಪ್ರೋಟೀನ್ ನಿರ್ಮಾಣ ಶೇ 18ರಷ್ಟು ಕುಗ್ಗಿತ್ತು. ಕಾರ್ಟಿಸೋಲ್ ಶೇ 21ರಷ್ಟು ಏರಿತ್ತು, ಸ್ನಾಯು ಕಟ್ಟಲು ನೆರವಾಗುವ ಹಾರ್ಮೋನಾದ ಟೆಸ್ಟೋಸ್ಟಿರಾನ್ ಶೇ 24ರಷ್ಟು ಇಳಿದಿತ್ತು. ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಸಾಮಗ್ರಿ ಇತ್ತು, ಕಟ್ಟುವ ಹೊತ್ತು ಮಾತ್ರ ಇರಲಿಲ್ಲ.

ತೂಕ ಇಳಿಸಲು ಹೊರಟವರ ಮಟ್ಟಿಗಂತೂ ಶಿಕಾಗೊ ವಿಶ್ವವಿದ್ಯಾಲಯದ 2010ರ ಅಧ್ಯಯನ ಕಣ್ತೆರೆಸುವಂಥದ್ದು. ಮಿತಾಹಾರದಲ್ಲಿದ್ದ ಅಧಿಕ ತೂಕದ 10 ಮಂದಿಯನ್ನು ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಹಾಸಿಗೆಯಲ್ಲಿ ಇರಿಸಲಾಯಿತು. ಎರಡೂ ಅವಧಿಯಲ್ಲಿ ಇಳಿದ ತೂಕ ಹೆಚ್ಚು ಕಡಿಮೆ ಒಂದೇ. ಆದರೆ ನಿದ್ದೆ ತುಂಬಿದ್ದಾಗ 1.4 ಕಿಲೊ ಕೊಬ್ಬು ಕರಗಿತ್ತು, ನಿದ್ದೆ ಕಡಿಮೆಯಾದಾಗ ಕರಗಿದ್ದು 0.6 ಕಿಲೊ ಮಾತ್ರ. ಉಳಿದ ಇಳಿಕೆ ಕೊಬ್ಬಿಲ್ಲದ ಭಾಗದ್ದು. ಕಾಟಾ ತೋರಿಸುವ ಅಂಕಿ ಒಂದೇ, ಕಳೆದುಕೊಂಡ ಸಂಪತ್ತು ಬೇರೆ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ ಐದು ಗಂಟೆಯಂತೆ ಸುಮಾರು ಒಂದು ವಾರ ಮಲಗಿದ ಆರೋಗ್ಯವಂತ ತರುಣರ ಹಗಲಿನ ಟೆಸ್ಟೋಸ್ಟಿರಾನ್ ಮಟ್ಟ ಶೇ 10ರಿಂದ 15ರಷ್ಟು ಇಳಿಯಿತು.

ಇದಕ್ಕಿಂತ ಗಂಭೀರವಾದ ಸಂಗತಿ ಎಂದರೆ, ಕೊರತೆ ಅನುಭವಿಸುತ್ತಿರುವವರಿಗೇ ಅದು ಗೊತ್ತಾಗದಿರುವುದು. 2003ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ತಂಡ ಎರಡು ವಾರ ದಿನಕ್ಕೆ ಆರು ಗಂಟೆ ಮಲಗಿಸಿದವರನ್ನು ಪರೀಕ್ಷಿಸಿತು. ಕೊನೆಗೆ ಅವರ ಎಚ್ಚರದ ಮಟ್ಟ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೂ ತಾವು ತೀರ ದಣಿದಿಲ್ಲ ಎಂದೇ ಅವರು ಭಾವಿಸಿದ್ದರು. ಕಡಿಮೆ ನಿದ್ದೆಗೆ ಅಭ್ಯಾಸವಾಗಿದೆ ಎಂಬ ಹೆಮ್ಮೆಯ ಮಾತಿನ ಬುಡ ಎಷ್ಟು ಸಡಿಲ ಎಂಬುದಕ್ಕೆ ಇದು ಸಾಕ್ಷಿ.

ಕಡಿತದ ಪರಮಾವಧಿಯನ್ನು ಕಾಣಬೇಕಾದರೆ ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ಸೈಕಲ್ಲಿನಲ್ಲಿ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ ಸ್ಪರ್ಧೆಯನ್ನು ನೋಡಬೇಕು. ಸುಮಾರು 4,800 ಕಿಲೋಮೀಟರ್ ದಾರಿ. ಒಂಟಿ ಸವಾರರು ದಿನಕ್ಕೆ ಒಂದೆರಡು ಗಂಟೆ ಮಾತ್ರ ಮಲಗುತ್ತಾರೆ. 2017ರಲ್ಲಿ ಭಾರತೀಯ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ 12 ದಿನಗಳೊಳಗೆ ಇದನ್ನು ಏಕಾಂಗಿಯಾಗಿ ಮುಗಿಸಿದ ಮೊದಲ ಭಾರತೀಯರಾದರು. ಮಾನವ ಸಂಕಲ್ಪದ ಶಿಖರ ಅದು, ಸಂಶಯವಿಲ್ಲ. ಆದರೆ ಐದು ಬಾರಿ ಗೆದ್ದ ಸ್ಲೊವೇನಿಯಾದ ಯೂರೆ ರೋಬಿಚ್ ಅವರಂಥ ಮಹಾಬಲರನ್ನೂ ದಾರಿಯಲ್ಲಿ ಭ್ರಮೆಗಳು ಕಾಡಿದವು. ದಿನಗಟ್ಟಲೆ ಬಾಗಿ ಕೂತು ತಲೆಯನ್ನು ಎತ್ತಿ ಹಿಡಿದ ಕತ್ತಿನ ಸ್ನಾಯುಗಳು ಚೇತರಿಸಿಕೊಳ್ಳಲು ಹೊತ್ತೇ ಸಿಗದೆ ಪೂರ್ತಿ ಸೋತು, ಗದ್ದ ಎದೆಗೆ ಒರಗುವ ಸ್ಥಿತಿ ಅಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಸವಾರ ಮೈಕಲ್ ಶರ್ಮರ್ ಅವರ ಹೆಸರೇ ಅಂಟಿಕೊಂಡಿದೆ. ಇಂಥ ವೇಳಾಪಟ್ಟಿಯಲ್ಲಿ ದೇಹ ಗುರಿಯನ್ನು ಮುಟ್ಟಬಹುದು, ಬಲಗೊಳ್ಳುವುದಿಲ್ಲ. ಒಂಟಿ ನಾವಿಕರ ತುಂಡು ನಿದ್ದೆಯೂ ಆಪತ್ಕಾಲದ ಧರ್ಮವೇ ಹೊರತು ನಿತ್ಯದ ಧರ್ಮವಲ್ಲ. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಷನ್ ನೇಮಿಸಿದ ತಜ್ಞರ ಸಮಿತಿ ಲಭ್ಯ ಸಾಹಿತ್ಯವನ್ನೆಲ್ಲ ಜಾಲಾಡಿ 2021ರಲ್ಲಿ ಇದೇ ತೀರ್ಮಾನಕ್ಕೆ ಬಂತು: ದಿನದ ನಿದ್ದೆಯನ್ನು ಹಲವು ಚೂರು ಮಾಡಿ ಕುಗ್ಗಿಸುವ ಕ್ರಮಗಳಿಂದ ಲಾಭವಿದೆ ಎನ್ನಲು ಆಧಾರವಿಲ್ಲ, ಹಾನಿಗೆ ಆಧಾರವಿದೆ.

ಹಂಚಿಕೆಯ ಸೊಬಗು

ಹಾಗಾದರೆ ಒಟ್ಟು ಮೊತ್ತವನ್ನು ಉಳಿಸಿಕೊಂಡು ಹಂಚಿದರೆ? ಅಂತರಿಕ್ಷಯಾನಿಗಳ ವೇಳಾಪಟ್ಟಿಗಾಗಿ ನಡೆದ ಸಂಶೋಧನೆ ಇಲ್ಲಿ ದಾರಿದೀಪ. ರಾತ್ರಿಯ ಒಂದು ಪ್ರಧಾನ ನಿದ್ದೆ, ಹಗಲಿನ ಒಂದು ಕಿರುನಿದ್ದೆ ಎಂದು ಹಲವು ಅಳತೆಗಳಲ್ಲಿ ಪರೀಕ್ಷಿಸಿದಾಗ, ಮನುಷ್ಯನ ಕಾರ್ಯಕ್ಷಮತೆಯನ್ನು ಮುಖ್ಯವಾಗಿ ನಿರ್ಧರಿಸಿದ್ದು 24 ಗಂಟೆಗಳಲ್ಲಿ ದಕ್ಕಿದ ಒಟ್ಟು ಅವಧಿ. ಅದು ಒಂದೇ ಪಟ್ಟಿನದೋ ಎರಡು ಪಟ್ಟಿನದೋ ಎಂಬುದಲ್ಲ. ಇದಕ್ಕೆ ಪೂರಕವಾಗಿ ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ಡೇವಿಡ್ ಮೈನರ್ಸ್ ಮತ್ತು ಜಿಮ್ ವಾಟರ್‌ಹೌಸ್ 1980ರ ದಶಕದ ಆರಂಭದಲ್ಲೇ ಒಂದು ಅಮೂಲ್ಯ ಸೂತ್ರ ಕಂಡುಕೊಂಡಿದ್ದರು. ಉಳಿದ ನಿದ್ದೆ ಯಾವ ಹೊತ್ತಿಗೇ ಬರಲಿ, ಪ್ರತಿದಿನ ಒಂದೇ ಹೊತ್ತಿಗೆ ನಾಲ್ಕು ಗಂಟೆಯ ನಿದ್ದೆ ಸಿಕ್ಕರೆ ದೇಹದ ಗಡಿಯಾರ ದಿಕ್ಕು ತಪ್ಪುವುದಿಲ್ಲ. ಅದನ್ನು ಅವರು ಲಂಗರು ನಿದ್ದೆ ಎಂದು ಕರೆದರು.

ಕಿರುನಿದ್ದೆ ಕ್ರೀಡಾಪಟುವಿಗೆ ಏನು ಕೊಡುತ್ತದೆ ಎಂಬುದನ್ನು ಅದೇ ವಾಟರ್‌ಹೌಸ್ ಮತ್ತು ಸಂಗಡಿಗರು 2007ರಲ್ಲಿ ಅಳೆದು ತೋರಿಸಿದರು. ಹಿಂದಿನ ರಾತ್ರಿ ನಿದ್ದೆ ಕಡಿಮೆಯಾಗಿದ್ದ 10 ಮಂದಿ ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ಮಲಗಿದ ದಿನ, 20 ಮೀಟರ್ ಓಟದ ಸರಾಸರಿ ಹೊತ್ತು 3.971 ಸೆಕೆಂಡಿನಿಂದ 3.878ಕ್ಕೆ ಇಳಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರ. ಪದಕಗಳ ನಿರ್ಣಯವಾಗುವುದು ಇಂಥ ಅಂತರಗಳಲ್ಲೇ. ನಿದ್ದೆಯನ್ನು ಹಿಗ್ಗಿಸಿದಾಗಿನ ಫಲವಂತೂ ಇನ್ನೂ ಉಜ್ವಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆರಿ ಮಾ ಅವರು 11 ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಐದರಿಂದ ಏಳು ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಒಪ್ಪಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಫ್ರೀ ಥ್ರೋ ನಿಖರತೆ ಶೇ 9ರಷ್ಟು ಏರಿತ್ತು, ಅಂಕಣದ ಓಟ 16.2 ಸೆಕೆಂಡಿನಿಂದ 15.5ಕ್ಕೆ ಇಳಿದಿತ್ತು. ಹೊಸ ತರಬೇತುದಾರರಿಲ್ಲ, ಹೊಸ ಔಷಧವಿಲ್ಲ. ಹೆಚ್ಚಾಗಿದ್ದು ನಿದ್ದೆ ಮಾತ್ರ.

ಗರಡಿಯ ಜಾಣ್ಮೆ

ಪ್ರಯೋಗಾಲಯಗಳು ಈಗ ಅಂಕಿಗಳಲ್ಲಿ ಹೇಳುತ್ತಿರುವುದನ್ನು ನಮ್ಮ ಹಿರಿಯರು ಆಚರಣೆಯಲ್ಲಿ ಇಟ್ಟಿದ್ದರು. ನಾಡಕುಸ್ತಿಗೆ ಹೆಸರಾದ ಮೈಸೂರಿನ ಗರಡಿಮನೆಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ಸಾಮು ಆರಂಭ. ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣಿನ ಮಟ್ಟಿಯನ್ನು ಅಗೆದು ಹದಮಾಡಿ, ದಂಡ, ಬಸ್ಕಿ, ಗದೆ, ಆಮೇಲೆ ಜೋಡಿಯೊಂದಿಗೆ ಪಟ್ಟು. ಮೈಗಂಟಿದ ಮಣ್ಣು ಬೆವರಿನಲ್ಲಿ ಕರಗುವವರೆಗೂ ಉಸ್ತಾದರು ಬಿಡುವುದಿಲ್ಲ. ಇಷ್ಟು ಬೇಗ ಏಳುವವನಿಗೆ ರಾತ್ರಿಯ ನಿದ್ದೆಯೊಂದೇ ಸಾಲದು. ಹಾಲು, ಬಾದಾಮಿ, ತುಪ್ಪದ ಊಟವಾದ ಮೇಲೆ ಮಧ್ಯಾಹ್ನದ ವಿಶ್ರಾಂತಿ ಪೈಲ್ವಾನನ ಕಸರತ್ತಿನ ಭಾಗವೇ ಹೊರತು ಸೋಮಾರಿತನವಲ್ಲ. ದೂರದ ಜಪಾನಿನ ಸುಮೋ ಮಲ್ಲರದೂ ಇದೇ ಕ್ರಮ: ಮುಂಜಾನೆ ಖಾಲಿ ಹೊಟ್ಟೆಯ ತಾಲೀಮು, ಬಳಿಕ ಪುಷ್ಕಳ ಭೋಜನ, ಆಮೇಲೆ ಹಗಲು ನಿದ್ದೆ.

ಚರಕಸಂಹಿತೆ ಆಹಾರ ಮತ್ತು ಬ್ರಹ್ಮಚರ್ಯದ ಜೊತೆಗೆ ನಿದ್ದೆಯನ್ನೂ ದೇಹವನ್ನು ಹೊರುವ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿದೆ. ಹಗಲು ನಿದ್ದೆಯನ್ನು ಎಲ್ಲರಿಗೂ ಅದು ವಿಧಿಸುವುದಿಲ್ಲ. ಗ್ರೀಷ್ಮದಲ್ಲಿ ಎಲ್ಲರಿಗೂ, ಉಳಿದ ಋತುಗಳಲ್ಲಿ ಭಾರ ಹೊತ್ತು, ದಾರಿ ನಡೆದು, ಕೆಲಸ ಮಾಡಿ ಬಳಲಿದವರಿಗೆ ಅನುಮತಿಸುತ್ತದೆ. ದುಡಿಮೆಗೆ ತಕ್ಕಂತೆ ನಿದ್ದೆಯ ಅಳತೆಯನ್ನು ಹೊಂದಿಸಬೇಕೆಂಬ ಈ ವಿವೇಚನೆ ಇಂದಿನ ಕ್ರೀಡಾವೈದ್ಯರ ಮಾತಿಗೆ ಬಹಳ ಹತ್ತಿರದ್ದು. ಮಲಗುವ ಮುನ್ನ ಹಾಲು ಕುಡಿಯುವ ಪದ್ಧತಿಗೂ ಸಮರ್ಥನೆ ದೊರೆತಿದೆ. ನೆದರ್ಲೆಂಡ್ಸಿನ ಮಾಸ್‌ಟ್ರಿಕ್ಟ್ ವಿಶ್ವವಿದ್ಯಾಲಯದ 2012ರ ಪ್ರಯೋಗದಲ್ಲಿ ಸಂಜೆ ಭಾರ ಎತ್ತಿದ ತರುಣರು ಮಲಗುವ ಮುನ್ನ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನನ್ನು 40 ಗ್ರಾಂ ಸೇವಿಸಿದಾಗ, ಇರುಳಿಡೀ ಸ್ನಾಯುವಿನ ಪ್ರೋಟೀನ್ ನಿರ್ಮಾಣ ವೃದ್ಧಿಸಿತು. ಒಂದು ಲೋಟ ಹಾಲಿನಲ್ಲಿರುವುದು ಅದರ ಸಣ್ಣ ಪಾಲು ಮಾತ್ರ. ಆದರೂ ದಿಕ್ಕು ಸರಿಯಾದದ್ದೇ.

ರಂಜಾನ್ ಮಾಸದ ಕ್ರೀಡಾಪಟುಗಳು ಹಂಚಿಕೆಯ ಇನ್ನೊಂದು ಜೀವಂತ ಪಾಠ. ಸಹರಿಗಾಗಿ ನಸುಕಿಗೆ ಮುಂಚೆ ಏಳುವುದು, ಇಫ್ತಾರಿನ ನಂತರ ತಡವಾಗಿ ಮಲಗುವುದು, ಮಧ್ಯಾಹ್ನ ಒಂದು ನಿದ್ದೆ. 2012ರ ಲಂಡನ್ ಒಲಿಂಪಿಕ್ಸ್ ನಡೆದದ್ದು ರಂಜಾನ್ ತಿಂಗಳಲ್ಲೇ. ಇಂಥ ಸಂದರ್ಭದಲ್ಲಿ ತರಬೇತಿಯ ಹೊತ್ತನ್ನು ಬದಲಿಸಿ, ಹಗಲಿನ ನಿದ್ದೆಯಿಂದ ಒಟ್ಟು ಮೊತ್ತವನ್ನು ತುಂಬಿಕೊಳ್ಳುವಂತೆ ತಜ್ಞರು ಸಲಹೆ ನೀಡುತ್ತಾರೆ.

ರಾತ್ರಿಪಾಳಿಯ ನಗರ

ವಾಡಿಕೆ ಮೀರಿದ ನಿದ್ದೆ ನಾವಿಕರ, ಮಲ್ಲರ ಸ್ವತ್ತಾಗಿ ಉಳಿದಿಲ್ಲ. ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವ ಬೆಂಗಳೂರಿನ ಕಾಲ್ ಸೆಂಟರುಗಳು, ಆಸ್ಪತ್ರೆಗಳ ದಾದಿಯರು, ಕಾರ್ಖಾನೆಗಳ ಮೂರನೆಯ ಪಾಳಿ, ನಸುಕಿಗೆ ಮುಂಚೆ ವಿಮಾನ ನಿಲ್ದಾಣಕ್ಕೆ ಓಡುವ ಕ್ಯಾಬ್ ಚಾಲಕರು, ಇವರೆಲ್ಲರ ಮನೆಗಳಲ್ಲೂ ನಿದ್ದೆಯ ಹೊತ್ತು ಬೇರೆಯಾಗಿದೆ. ಪಾಳಿ ಮುಗಿಸಿ ಜಿಮ್‌ಗೆ ಹೋಗಿ, ಬಿಸಿಲೇರಿದ ಮೇಲೆ ಮಲಗುವ ತರುಣರು ಈಗ ಅಪರೂಪವಲ್ಲ. ಅವರಿಗೆ ಎದುರಾಗುವ ತೊಡಕು ಶಿಸ್ತಿನದಲ್ಲ, ಜೀವಗಡಿಯಾರದ್ದು. ಬೆಳಕು ಹರಿದೊಡನೆ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಹಿಂಜರಿಯುತ್ತದೆ, ಕಾರ್ಟಿಸೋಲ್ ಮೇಲೇರುತ್ತದೆ, ದೇಹದ ತಾಪಮಾನ ಹೆಚ್ಚುತ್ತದೆ. ಆ ಹೊತ್ತಿಗೆ ಮಲಗಿದವರ ನಿದ್ದೆ ರಾತ್ರಿಯ ನಿದ್ದೆಗಿಂತ ಸಾಮಾನ್ಯವಾಗಿ ಮೊಟಕಾಗುತ್ತದೆ, ತೆಳುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಜೀವಗಡಿಯಾರವನ್ನು ಕದಡುವ ಪಾಳಿ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಅಂಶಗಳ ಪಟ್ಟಿಗೆ ಸೇರಿಸಿದ್ದು ವಿಷಯದ ಗಾಂಭೀರ್ಯವನ್ನು ಸಾರುತ್ತದೆ.

ಆದರೂ ನಿರಾಶೆಗೆ ಕಾರಣವಿಲ್ಲ. ಲಂಗರು ನಿದ್ದೆಯ ಸೂತ್ರ ಪಾಳಿಯವರಿಗೇ ಹೇಳಿ ಮಾಡಿಸಿದಂತಿದೆ. ಪಾಳಿಯ ದಿನವೂ ರಜೆಯ ದಿನವೂ ಕೆಲವು ಗಂಟೆಗಳ ನಿದ್ದೆ ಒಂದೇ ಹೊತ್ತಿಗೆ ಬೀಳುವಂತೆ ನೋಡಿಕೊಳ್ಳುವುದು. ಉಳಿದದ್ದನ್ನು ಪಾಳಿಗೆ ಹೊರಡುವ ಮುನ್ನ ಇನ್ನೊಂದು ನಿದ್ದೆಯಾಗಿ ಸೇರಿಸಿಕೊಳ್ಳುವುದು. ಮಲಗುವ ಕೋಣೆಯನ್ನು ದಪ್ಪ ಪರದೆಗಳಿಂದ ಕತ್ತಲೆಯಾಗಿಸುವುದು. ಭಾರೀ ವ್ಯಾಯಾಮವನ್ನು ಮಲಗುವ ಹೊತ್ತಿಗೆ ತೀರ ಅಂಟಿಸದೆ, ಎದ್ದ ಮೇಲಿನ ಹೊತ್ತಿಗೆ ಇಟ್ಟುಕೊಳ್ಳುವುದು ಇನ್ನೂ ಲೇಸು. ಮಲಗಲು ಒಂದು ಗಂಟೆಗೂ ಹೆಚ್ಚು ಸಮಯವಿದ್ದರೆ ಸಂಜೆಯ ವ್ಯಾಯಾಮದಿಂದ ಸಾಮಾನ್ಯವಾಗಿ ನಿದ್ದೆಗೆ ಭಂಗವಿಲ್ಲ ಎನ್ನುತ್ತವೆ ಅಧ್ಯಯನಗಳು. ಕಾಫಿಯ ವಿಷಯದಲ್ಲಿ ಮಾತ್ರ ಹೆಚ್ಚಿನ ಸಂಯಮ ಬೇಕು: ಮಲಗುವ ಆರು ಗಂಟೆ ಮೊದಲು ಸೇವಿಸಿದ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆಯನ್ನು ಕದಿಯುತ್ತದೆ ಎಂಬುದು 2013ರ ಪ್ರಯೋಗದಲ್ಲಿ ಸಾಬೀತಾಗಿದೆ. ಪಾಳಿ ಬದಲಾಗುವ ವಾರದಲ್ಲಿ ಹೊಸ ದಾಖಲೆಯ ಹಂಬಲ ಬಿಟ್ಟು ಭಾರವನ್ನು ತಗ್ಗಿಸುವುದು ಜಾಣತನ. ವ್ಯಾಯಾಮವನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಮೆಲ್ಬರ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲಿ ಐದು ರಾತ್ರಿ ನಾಲ್ಕೇ ಗಂಟೆ ಮಲಗಿದವರ ಸ್ನಾಯು ನಿರ್ಮಾಣ ಕುಗ್ಗಿದರೂ, ಅದೇ ಅವಧಿಯಲ್ಲಿ ತೀವ್ರಗತಿಯ ಸಣ್ಣ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಲಿಲ್ಲ.

ಹದಿಹರೆಯದ ಮಕ್ಕಳಿರುವ ಮನೆಗಳು ಇನ್ನೂ ಒಂದು ಸಂಗತಿಯನ್ನು ನೆನಪಿಡಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವ ಬಾಲ ಕ್ರೀಡಾಪಟುಗಳು ಗಾಯಗೊಳ್ಳುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಹೆಚ್ಚಾಗಿತ್ತು. ನಸುಕಿನ ಈಜು, ಹಗಲಿನ ಶಾಲೆ, ಸಂಜೆಯ ಟ್ಯೂಷನ್, ರಾತ್ರಿಯ ಮೊಬೈಲು ಸೇರಿದರೆ ಎಂಟು ಗಂಟೆ ಎಲ್ಲಿಂದ ಬರಬೇಕು? ನಡುವಯಸ್ಸಿನವರಿಗೂ ಭರವಸೆಯ ಸುದ್ದಿಯಿದೆ. ವಯಸ್ಸಾದಂತೆ ಗಾಢನಿದ್ದೆ ಸಹಜವಾಗಿ ತಗ್ಗುತ್ತದೆ. ಆದರೆ ದೀರ್ಘಕಾಲ ಧ್ಯಾನದ ಅಭ್ಯಾಸವಿರುವ ಮಧ್ಯವಯಸ್ಕರಲ್ಲಿ ಅದು ಹೆಚ್ಚಾಗಿ ಉಳಿದಿರುವುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನಿದ್ರಾ ಸಂಶೋಧನೆ ದಾಖಲಿಸಿದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಸಂತೆಯೇ ಇಪ್ಪತ್ತನಾಲ್ಕು ಗಂಟೆ ನಡೆಯುವ ಕಾಲದಲ್ಲಿ ನಿದ್ದೆ ತಾನಾಗಿ ಬಂದೀತೆಂದು ಕಾಯುವಂತಿಲ್ಲ, ಅದಕ್ಕೆ ಜಾಗ ಮಾಡಿಕೊಡಬೇಕು. ರಾತ್ರಿಯೊಂದೇ ಪಟ್ಟಿನಲ್ಲಿ ಆದೀತು, ರಾತ್ರಿ ಮತ್ತು ಮಧ್ಯಾಹ್ನವೆಂದು ಎರಡು ಪಟ್ಟಿನಲ್ಲಾದರೂ ಆದೀತು. ಮೊತ್ತ ತುಂಬಬೇಕು, ಅದರ ಒಂದು ಭಾಗ ದಿನವೂ ಒಂದೇ ಹೊತ್ತಿಗೆ ಬರಬೇಕು. ಹೊಸದಾಗಿ ವ್ಯಾಯಾಮ ಆರಂಭಿಸುವ ಮನೆಗಳಲ್ಲಿ ಜಿಮ್ಮಿನ ಶುಲ್ಕ, ಬೂಟು, ಪ್ರೋಟೀನ್ ಡಬ್ಬಿಯ ಲೆಕ್ಕಕ್ಕೆ ಮುಂಚೆ ಎಷ್ಟು ಹೊತ್ತಿಗೆ ಮಲಗುವುದು, ಎಷ್ಟು ಹೊತ್ತಿಗೆ ಏಳುವುದು ಎಂಬುದನ್ನು ಬರೆದುಕೊಳ್ಳುವುದು ಒಳಿತು. ಕಸರತ್ತಿನ ಪಟ್ಟಿಯನ್ನು ಆಮೇಲೆ, ಅದರ ಕೆಳಗೆ ಬರೆಯಬಹುದು.